ಶಾರುಲ್ಯಳ ಅರವತ್ತಾರು ಡಿಗ್ರಿ

ವರ್ಶಾಟ್ಸ್ ಊರಿನ ಡೇರಿಯ ಪ್ರಯೋಗಾಲಯದಲ್ಲಿ ಮಿಲುಂಕ ರಾದಾಕ್ ಸೇರಿ ಇಪ್ಪತ್ತೊಂಬತ್ತು ವರ್ಷ. ಬೆಳಿಗ್ಗೆ ಆರಕ್ಕೆ ಬಿಳಿ ಕೋಟು ತೊಟ್ಟರೆ ಮಧ್ಯಾಹ್ನ ಎರಡರವರೆಗೆ ಅವಳ ಮುಂದೆ ಹಾಲು, ಹಾಲು, ಹಾಲು. ಕೊಬ್ಬೆಷ್ಟು, ನೀರೆಷ್ಟು, ಹುಳಿಯೆಷ್ಟು ಎಂದು ಪ್ರತಿ ಮಾದರಿಯನ್ನು ಮೂರು ಸಲ ಅಳೆದು, ನಡುವಿನ ಅಂಕಿಯನ್ನು ಪುಸ್ತಕಕ್ಕೆ ಏರಿಸುವುದು ಅಲ್ಲಿಯ ಪದ್ಧತಿ. ಆ ಪದ್ಧತಿ ಅವಳ ಕೈಬೆರಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಮನೆಯಲ್ಲಿ ಮೊಟ್ಟೆ ಬೇಯಿಸುವಾಗಲೂ ಗಡಿಯಾರ ನೋಡುತ್ತಿದ್ದಳು. ಗಂಡ ಡಾನ್ಯೂಬಿನ ಸರಕು ದೋಣಿಯಲ್ಲಿ ಕೆಲಸದವನು, ಎರಡು ತಿಂಗಳಿಗೊಮ್ಮೆ ಬರುವವನು. ನಾಲ್ಕನೆಯ ಮಹಡಿಯ ಮನೆಯಲ್ಲಿ ಉಳಿದ ದಿನವೆಲ್ಲ ಅವಳು ಮತ್ತು ಅತ್ತೆ ಪೆರ್ಸಿದ, ಇಬ್ಬರೇ.

ಇಬ್ಬರಲ್ಲದೆ ಕಂಪ್ಯೂಟರುಗಳೂ ಇದ್ದವೆನ್ನಿ. ಅವಳಿಗೆ ಮೂವತ್ತು ದಾಟುವ ಹೊತ್ತಿಗೆ ಡೇರಿಯ ಕಚೇರಿಯವರು ಬೇಡವೆಂದು ಎಸೆದ ಒಂದು ಯಂತ್ರವನ್ನು ಮನೆಗೆ ಹೊತ್ತು ತಂದಿದ್ದಳು. ಅದರ ಪ್ರೊಸೆಸರಿನ ಮೇಲೆ ಕಡಿದುಬಿಟ್ಟಿದ್ದ ನಾಲ್ಕು ಪುಟ್ಟ ಸೇತುವೆಗಳನ್ನು ಸೀಸದ ಕಡ್ಡಿಯ ಗೆರೆಯಿಂದ ಜೋಡಿಸಿದರೆ, ತಯಾರಿಸಿದವರು ಬರೆದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಅದು ಓಡುತ್ತದೆ ಎಂದು ಯಾರೋ ಹೇಳಿದರು. ಚೂಪು ಮಾಡಿದ ಪೆನ್ಸಿಲಿನಿಂದ, ಭೂತಗನ್ನಡಿ ಹಿಡಿದು, ನಾಲ್ಕು ಗೆರೆ ಎಳೆದಳು. ಓಡಿತು. ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚು. ಅಂದು ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ.

ಈ ಹುಚ್ಚಿರುವ ಎಂಟು ಜನ ಪ್ರತಿ ಗುರುವಾರ ಸಂಜೆ ಚದುರಂಗದ ಸಂಘದ ಹಿಂಬದಿಯ ಕೋಣೆಯಲ್ಲಿ ಸೇರುತ್ತಿದ್ದರು. ಬಟ್ಟೆ ಒಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ತಿಹೋಮಿರ್ ಅವರ ಅಧ್ಯಕ್ಷ. ಯಾವ ಮದರ್‌ಬೋರ್ಡ್, ಅಂದರೆ ಪ್ರೊಸೆಸರು ಕೂರುವ ಹಲಗೆ, ಕೊಳ್ಳಬೇಕು ಎಂಬ ಪ್ರಶ್ನೆ ಎದ್ದರೆ ಮಾತ್ರ ಅಧ್ಯಕ್ಷರೂ ಬಾಯಿ ಮುಚ್ಚಿ ಮಿಲುಂಕಳ ಕಡೆ ನೋಡುತ್ತಿದ್ದರು. ಪ್ರೊಸೆಸರನ್ನು ಯಾರು ಬೇಕಾದರೂ ಆರಿಸಬಹುದು, ಅದರ ಬೆನ್ನ ಮೇಲೆಯೇ ಎಲ್ಲ ಬರೆದಿರುತ್ತದೆ. ಬೋರ್ಡಿನ ಗುಣ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಹೆಚ್ಚು ವೇಗಕ್ಕೆ ಹೆಚ್ಚು ವಿದ್ಯುತ್ ಬೇಕು. ಆ ವಿದ್ಯುತ್ತನ್ನು ಪ್ರೊಸೆಸರಿಗೆ ಅಳೆದು ಉಣಿಸುವ ಪುಟ್ಟ ಕರಿ ಚೌಕಗಳ ಒಂದು ಸಾಲು ಬೋರ್ಡಿನ ಮೇಲಿರುತ್ತದೆ. ದುಡಿತ ಹೆಚ್ಚಿದಂತೆ ಆ ಸಾಲು ಬಿಸಿಯೇರುತ್ತದೆ. ನೂರೈದು ಡಿಗ್ರಿ ಮುಟ್ಟಿತೆಂದರೆ ಬೋರ್ಡು ತನ್ನ ಜೀವ ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಬಿಡುತ್ತದೆ. ಆ ಸಾಲಿನ ಬೆನ್ನಿಗೆ ಬಿಸಿ ಅಳೆಯುವ ಒಂದು ತಂತಿ ಅಂಟಿಸಿ, ಒಂದು ಗಂಟೆ ಪೂರ್ತಿ ದುಡಿಸಿ, ಬಿಸಿ ಎಲ್ಲಿಗೆ ನಿಲ್ಲುತ್ತದೆಂದು ನೋಡುವುದೇ ಮಿಲುಂಕಳ ಪರೀಕ್ಷೆ. ಒಂದೇ ಪ್ರೊಸೆಸರು, ಒಂದೇ ಫ್ಯಾನು, ಅವೆರಡರ ನಡುವೆ ತಕ್ಕಡಿಯಲ್ಲಿ ತೂಗಿ ಹಚ್ಚಿದ, ಶಾಖ ಸಾಗಿಸುವ ಒಂದೇ ಅಳತೆಯ ಲೇಪ. ಗೋಡೆಯ ವೋಲ್ಟೇಜು, ಕೋಣೆಯ ಬಿಸಿ, ತೇವ, ಗಂಟೆ, ಎಲ್ಲವೂ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ. ಪ್ರತಿ ಬೋರ್ಡಿಗೆ ಮೂರು ಸಲ.

ಬೋರ್ಡುಗಳಿಗೆ ಅವಳು ಹಸುಗಳ ಹೆಸರಿಡುತ್ತಿದ್ದಳು. ಕಳೆದ ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಬಂದಿದ್ದವು ಮೂರು: ಬಿಳಿ ಕರಿ ಮಚ್ಚೆಯ ಶಾರುಲ್ಯ, ಕೆಂಪಂಚಿನ ರುಮೆಂಕ, ಕರಿಬಣ್ಣದ ಗಾಲ್ಯ. ಶಾರುಲ್ಯಳಿಗೆ ಅಂದವಾದ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಬಣ್ಣದ ದೀಪ. ಗಾಲ್ಯಳ ಕರಿ ಚೌಕಗಳ ಮೇಲೆ ಕುಳಿತಿದ್ದುದು ಬರೀ ಒಂದು ದಪ್ಪ ಅಲ್ಯುಮಿನಿಯಂ ಗಟ್ಟಿ, ಬಾಚಣಿಗೆಯಂತೆ ಹಲ್ಲು ಹಲ್ಲಾಗಿ ಸೀಳಿದ್ದು. ಶಾರುಲ್ಯ ಅರವತ್ತಾರು ಡಿಗ್ರಿಯಲ್ಲಿ ನಿಂತಳು. ಗಾಲ್ಯ ಎಂಬತ್ತನಾಲ್ಕು. ರುಮೆಂಕ ತೊಂಬತ್ತೊಂದು. ಮಿಲುಂಕ ಶಾರುಲ್ಯಳ ಹೆಸರು ಹೇಳಿದಳು, ಎಂಟೂ ಜನ ಶಾರುಲ್ಯಳನ್ನೇ ತಂದರು.

ಅಕ್ಟೋಬರಿನಲ್ಲಿ ಕಿಕಿಂದ ಊರಿನಲ್ಲಿ ಪಂದ್ಯ. ಒಂದೊಂದು ಸಂಘದ್ದೂ ಎಂಟು ಯಂತ್ರ. ಮೊದಲೇ ಹೇಳಿದ ವೇಗದಲ್ಲಿ ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ಓಡಬೇಕು. ಮೂರನೆಯ ಗಂಟೆಗೆ ತಿಹೋಮಿರನ ಯಂತ್ರ ವೇಗ ಕಳೆದುಕೊಂಡು ಹೊರಬಿತ್ತು. ಆರನೆಯ ಗಂಟೆಯ ಹೊತ್ತಿಗೆ ಎಂಟರಲ್ಲಿ ಏಳು ಬಿದ್ದಿದ್ದವು. ಸಿಗರೇಟು ಸೇದುವವರು ಓಡಾಡುವ ಬಾಗಿಲ ಪಕ್ಕದಲ್ಲಿಟ್ಟಿದ್ದ ಹಲ್ಲಿನ ಡಾಕ್ಟರ್ ವುಯಾದಿನನ ಯಂತ್ರ ಮಾತ್ರ ಕೊನೆಯವರೆಗೆ ನಿಂತಿತು. ಅದೃಷ್ಟ ಎಂದರು.

"ಮಿಲುಂಕನ ಹಾಲು ಒಡೀತಪ್ಪಾ," ಎಂದ ತಿಹೋಮಿರ್ ವಾಪಸು ಬರುವ ಬಸ್ಸಿನಲ್ಲಿ. ಎಲ್ಲರೂ ನಕ್ಕರು. ಮಿಲುಂಕಳೂ ನಕ್ಕಳು. ಆದರೆ ಆ ನಗೆ ಮನೆಯವರೆಗೆ ಬರಲಿಲ್ಲ.

ಏಪ್ರಿಲಿನ ಪಂದ್ಯ ಪಾಂಚೆವೊದಲ್ಲಿ ಎಂದು ಗೊತ್ತಾದಾಗ, ಈ ಸಲ ಬೋರ್ಡನ್ನು ಮತ ಹಾಕಿ ಆರಿಸೋಣ ಎಂದು ತಿಹೋಮಿರ್ ಸೂಚಿಸಿದ. ಮಿಲುಂಕ ಎದ್ದು ನಿಂತಳು.

"ನನಗೆ ಎರಡು ವಾರ ಕೊಡಿ. ಶಾರುಲ್ಯಳ ಆ ಅಂಕಿ ಯಾಕೆ ಸುಳ್ಳು ಹೇಳ್ತು ಅಂತ ಪತ್ತೆ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ನೋಟ್‌ಬುಕ್ ನಿಮ್ ಕೈಗಿಟ್ಟು ಸುಮ್ನಾಗ್ತೀನಿ. ಯಾಕೆ ತಪ್ಪಾಯ್ತು ಅಂತ ಗೊತ್ತಿಲ್ದೆ ಇರೋಳು ಅಳೆಯೋ ಕೆಲ್ಸಾನೇ ಮಾಡಬಾರ್ದು."

"ಅಷ್ಟೊಂದು ಯಾಕೆ ಮಾರಾಯ್ತಿ, ನಾನು ತಮಾಷೆಗೆ ಅಂದೆ," ಎಂದ ತಿಹೋಮಿರ್.

"ನಾನು ತಮಾಷೆಗೆ ಅನ್ಲಿಲ್ಲ."

ಹೀಗೆ ಮಾರ್ಚ್ ತಿಂಗಳ ಮೊದಲ ದಿನಗಳಲ್ಲಿ ಮೂರು ಬೋರ್ಡುಗಳೂ ಮತ್ತೆ ಅವಳ ಊಟದ ಕೋಣೆಯ ಮೇಜಿಗೆ ಬಂದವು. ಶಾರುಲ್ಯಳನ್ನು ಸೆಪ್ಟೆಂಬರಿನಂತೆಯೇ ಜೋಡಿಸಿ ಒಂದು ಗಂಟೆ ದುಡಿಸಿದಳು. ನೂರಾ ಮೂರು ಡಿಗ್ರಿ. ಎರಡನೆಯ ಸಲ ನೂರಾ ನಾಲ್ಕು. ಮೂರನೆಯ ಸಲ ನೂರಾ ಮೂರು. ಹಳೆಯ ಪುಟದಲ್ಲಿ ಅದೇ ಕೈಬರಹದಲ್ಲಿ ಅರವತ್ತಾರು, ಅರವತ್ತೈದು, ಅರವತ್ತಾರು. ಕೋಣೆಯ ಬಿಸಿ ಆಗಲೂ ಇಪ್ಪತ್ತೆರಡು, ಈಗಲೂ ಇಪ್ಪತ್ತೆರಡು.

ಲೇಪ ಬದಲಿಸಿದಳು. ನೂರಾ ಮೂರು. ವಿದ್ಯುತ್ ಪೆಟ್ಟಿಗೆ ಬದಲಿಸಿದಳು. ನೂರಾ ಮೂರು. ಬೋರ್ಡಿನೊಳಗಿನ ತಂತ್ರಾಂಶ ಹೊಸದಾಗಿರಬಹುದೇ ಎಂದು ಹಳೆಯದನ್ನು ಹುಡುಕಿ ಹಾಕಿದಳು. ನೂರಾ ನಾಲ್ಕು. ಅಳೆಯುವ ತಂತಿಯೇ ಕೆಟ್ಟಿದೆಯೇ ಎಂದು ಡೇರಿಗೆ ಒಯ್ದು ಕುದಿಯುವ ನೀರಿನಲ್ಲೂ ಕರಗುವ ಮಂಜಿನಲ್ಲೂ ಅದ್ದಿ ನೋಡಿದಳು. ತಂತಿ ಸತ್ಯವಂತೆ. ವುಯಾದಿನ್ ತನ್ನ ಶಾರುಲ್ಯಳನ್ನೂ ತಂದುಕೊಟ್ಟ. ಅದೂ ನೂರಾ ಮೂರು. ವಾರ ಕಳೆಯಿತು.

"ನೀನು ಆ ಹಲಗೆ ಮುಂದೆ ಕೂತು ಕೂತು ಮುಖ ನಿಂಬೆಹಣ್ಣು ಮಾಡ್ಕೊಂಡಿದೀಯ," ಎಂದಳು ಪೆರ್ಸಿದ, ಕಾಫಿಯ ಪುಟ್ಟ ಪಾತ್ರೆಯನ್ನು ಮೇಜಿನ ತುದಿಗಿಡುತ್ತ. ಎಂಬತ್ತೊಂದು ವರ್ಷದ ಮುದುಕಿ. ಕುತ್ತಿಗೆಗೆ ಬೇಸಿಗೆಯಲ್ಲೂ ಉಣ್ಣೆಯ ಬಟ್ಟೆ. "ಅದಕ್ಕೂ ಬಿಸಿ, ನಿನಗೂ ಬಿಸಿ."

"ಅತ್ತೆ, ಹೋದ ಸಲ ಇದು ತಣ್ಣಗಿತ್ತು. ಈಗಿಲ್ಲ. ಯಾಕೆ ಅಂತ ತಲೆ ಓಡ್ತಿಲ್ಲ."

"ವಯಸ್ಸಾಗಿರತ್ತೆ."

"ಆರು ತಿಂಗಳಲ್ಲಾ?"

"ನನಗೂ ಒಂದೇ ಚಳಿಗಾಲದಲ್ಲಿ ವಯಸ್ಸಾಗಿದ್ದು," ಎಂದಳು ಮುದುಕಿ. ಹೋಗುವ ದಾರಿಯಲ್ಲಿ ಬಾಲ್ಕನಿಯ ಕಿಟಕಿಯ ಚಿಲಕವನ್ನು ಒಮ್ಮೆ ಒತ್ತಿ ನೋಡಿದಳು. ಒತ್ತದೆ ಅವಳು ಆ ಕಿಟಕಿಯನ್ನು ದಾಟಿದ್ದನ್ನು ಯಾರೂ ಕಂಡಿಲ್ಲ.

ಆ ಊರಿನ ಯಾವ ಮನೆಯಲ್ಲಿಯೂ ಎದುರುಬದುರು ಎರಡು ಕಿಟಕಿಗಳನ್ನು ಒಟ್ಟಿಗೆ ತೆರೆಯುವುದಿಲ್ಲ. ತೆರೆದರೆ ನಡುವೆ ಹಾಯುವುದು ಬರೀ ಗಾಳಿಯಲ್ಲ, ಪ್ರೊಮಾಯ. ಕತ್ತು ಹಿಡಿಯುವುದು, ಸೊಂಟ ಹಿಡಿಯುವುದು, ಕಿವಿ ಸೋರುವುದು, ಬಾಯಿ ಸೊಟ್ಟಗಾಗುವುದು, ಎಲ್ಲಕ್ಕೂ ಅದೇ ಮೂಲ. ಬಸ್ಸಿನಲ್ಲಿ ಬೆವರಿಳಿಯುತ್ತಿದ್ದರೂ ಎದುರಿನ ಕಿಟಕಿ ತೆರೆದಿದ್ದರೆ ಈ ಕಿಟಕಿ ಮುಚ್ಚುತ್ತಾರೆ. ಮಿಲುಂಕ ವಿಜ್ಞಾನ ಓದಿದವಳು, ಅದನ್ನು ನಂಬುತ್ತಿರಲಿಲ್ಲ. ನಂಬುವುದಿಲ್ಲ ಎಂದು ಅತ್ತೆಯ ಎದುರು ಹೇಳುವ ಧೈರ್ಯವೂ ಅವಳಿಗಿರಲಿಲ್ಲ.

ಎರಡನೆಯ ವಾರದ ಮಂಗಳವಾರ ಪೆರ್ಸಿದ ಕೆಳಮಹಡಿಯ ಗೆಳತಿಯ ಮನೆಗೆ ಕಾಫಿಗೆ ಹೋದಳು. ಹೋದರೆ ಎರಡು ಗಂಟೆ ಖಂಡಿತ. ಶಾರುಲ್ಯ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ದುಡಿಯುತ್ತಿದ್ದಳು, ನೂರಾ ಮೂರರಲ್ಲಿ ಕೂತಿದ್ದಳು. ಮಿಲುಂಕಳಿಗೆ ಉಸಿರು ಕಟ್ಟಿದಂತಾಯಿತು. ಎದ್ದು ಬಾಲ್ಕನಿಯ ಕಿಟಕಿ ತೆರೆದಳು. ಮತ್ತೆ, ಯಾರೂ ಇಲ್ಲದಾಗ ಮಾಡುತ್ತಿದ್ದಂತೆ, ಅಡುಗೆಮನೆಯದನ್ನೂ ತೆರೆದಳು. ಹೊರಗೆ ಆಗ್ನೇಯದಿಂದ ಕೋಶಾವ ಗಾಳಿ ಬೀಸುತ್ತಿತ್ತು, ಬೀಸತೊಡಗಿ ಮೂರು ದಿನವಾಗಿತ್ತು. ಪರದೆಗಳು ಸೂರಿಗೆ ಹಾರಿದವು, ಯಾವುದೋ ಬಾಗಿಲು ಧಡ್ ಎಂದು ಬಡಿದುಕೊಂಡಿತು. ಕಣ್ಣು ಮುಚ್ಚಿ ನಿಂತು ನಾಲ್ಕು ಉಸಿರು ಎಳೆದುಕೊಂಡಳು. ಕಣ್ಣು ಬಿಟ್ಟಾಗ ಮೀಟರು ತೊಂಬತ್ತೇಳು ತೋರಿಸುತ್ತಿತ್ತು.

ಎಂಬತ್ತೆಂಟು. ಎಪ್ಪತ್ತೊಂಬತ್ತು. ಎಪ್ಪತ್ತಮೂರು.

ಅವಳು ಕುರ್ಚಿಯನ್ನೂ ಎಳೆದುಕೊಳ್ಳಲಿಲ್ಲ. ನಿಂತೇ ಕೋಣೆಯ ತಾಪಮಾಪಕ ನೋಡಿದಳು: ಹದಿನೇಳು. ಕೋಣೆ ಇಳಿದದ್ದು ಐದೇ ಡಿಗ್ರಿ, ಬೋರ್ಡು ಇಳಿದದ್ದು ಮೂವತ್ತಕ್ಕೂ ಹೆಚ್ಚು. ಹಾಗಾದರೆ ಇದು ಚಳಿಯ ಕೆಲಸವಲ್ಲ, ಚಲಿಸುವ ಗಾಳಿಯ ಕೆಲಸ. ನೋಟ್‌ಬುಕ್ ತೆಗೆದು ಸೆಪ್ಟೆಂಬರಿಗೆ ಹೋದಳು. ಶಾರುಲ್ಯಳ ಪರೀಕ್ಷೆ ಒಂಬತ್ತರಿಂದ ಹದಿನಾಲ್ಕರವರೆಗೆ. ಆ ದಿನಗಳಲ್ಲಿ ಅತ್ತೆ ಎಲ್ಲಿದ್ದಳು? ಮೆಲೆಂಚಿಯಲ್ಲಿ, ಮಂಡಿನೋವಿಗೆ ಕೆಸರಿನ ಸ್ನಾನಕ್ಕೆ. ಮನೆಯಲ್ಲಿ ಒಬ್ಬಳೇ. ಆರು ದಿನ ಎರಡೂ ಕಿಟಕಿ ತೆರೆದಿದ್ದವು. ಅತ್ತೆ ಹದಿನೈದಕ್ಕೆ ಬಂದಳು. ಗಾಲ್ಯ, ರುಮೆಂಕ ಇಬ್ಬರೂ ಮುಚ್ಚಿದ ಮನೆಯಲ್ಲಿ ದುಡಿದವರು.

ವೋಲ್ಟೇಜು ಬರೆದಿದ್ದಳು, ತೇವ ಬರೆದಿದ್ದಳು. ಕಿಟಕಿ ಬರೆದಿರಲಿಲ್ಲ. ಕದ್ದು ಮಾಡಿದ್ದನ್ನು ಯಾರು ತಾನೇ ಪುಸ್ತಕಕ್ಕೆ ಏರಿಸುತ್ತಾರೆ? ಮೂರು ಸಲ ಅಳೆದರೆ ತಪ್ಪು ಸಿಕ್ಕಿಬೀಳುತ್ತದೆ ಎಂದುಕೊಂಡಿದ್ದಳು. ಮೂರು ಸಲವೂ ಅದೇ ಗಾಳಿ, ಮೂರು ಸಲವೂ ಅದೇ ಸುಳ್ಳು. ಕಿಕಿಂದದಲ್ಲಿ ಡಾಕ್ಟರನ ಯಂತ್ರ ಅದೃಷ್ಟದಿಂದ ನಿಲ್ಲಲಿಲ್ಲ, ಬಾಗಿಲ ಗಾಳಿಯಿಂದ ನಿಂತಿತು. ಈ ನಾಡಿನಲ್ಲಿ ಯಾವ ಮನೆಯಲ್ಲೂ, ಯಾವ ಸಭಾಂಗಣದಲ್ಲೂ ಇಲ್ಲದ ಗಾಳಿಯಲ್ಲಿ ಬೋರ್ಡನ್ನು ಪರೀಕ್ಷಿಸಿ, ಇದೇ ಒಳ್ಳೆಯದು ಎಂದು ಏಳು ಜನಕ್ಕೆ ಹೇಳಿದ್ದಳು.

ಮಿಲುಂಕ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಅಷ್ಟರಲ್ಲಿ ಮುಂಬಾಗಿಲು ತೆರೆಯಿತು.

"ದೇವರೇ! ಪ್ರೊಮಾಯ!" ಪೆರ್ಸಿದ ಕನ್ನಡಕ ಮರೆತಿದ್ದಳು, ಅದಕ್ಕೇ ಬೇಗ ಬಂದಿದ್ದಳು. ಎರಡೂ ಕೈಯಲ್ಲಿ ಕುತ್ತಿಗೆ ಮುಚ್ಚಿಕೊಂಡು ಅಡುಗೆಮನೆಗೆ ಓಡಿ ಕಿಟಕಿ ಬಡಿದಳು. "ಯಾರೇ ತೆಗೆದಿದ್ದು? ಗಾಳಿ ತಾನಾಗೇ ತೆಗೀತಾ?"

"ನಾನೇ ತೆಗೆದೆ ಅತ್ತೆ."

"ಎರಡೂನೂ?"

"ಎರಡೂನೂ. ಸೆಪ್ಟೆಂಬರಲ್ಲೂ ತೆಗೆದಿದ್ದೆ, ನೀವು ಮೆಲೆಂಚಿಗೆ ಹೋದಾಗ. ಆರು ದಿನ."

ಮುದುಕಿ ಕುರ್ಚಿಗೆ ಒರಗಿದಳು. ಬೈಗುಳಕ್ಕೆ ಸಿದ್ಧಳಾಗಿ ಮಿಲುಂಕ ನಿಂತಿದ್ದಳು. ಆದರೆ ಪೆರ್ಸಿದಳ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡಿತು.

"ಹಾಗಾದ್ರೆ ನವೆಂಬರಲ್ಲಿ ನಿನ್ನ ಸೊಂಟ ಹಿಡ್ಕೊಂಡಿತ್ತಲ್ಲ!" ಎಂದಳು ಮೇಜು ತಟ್ಟಿ. "ನಾನು ಅವತ್ತೇ ಅಂದೆ, ಇದು ಎಲ್ಲಿಂದಲೋ ಬಂದಿದೆ ಅಂತ. ನೀನು ಹಾಲಿನ ಕ್ಯಾನು ಎತ್ತಿದ್ದಕ್ಕೆ ಅಂದೆ. ಕ್ಯಾನಂತೆ ಕ್ಯಾನು! ಎರಡು ತಿಂಗಳು ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟಿತ್ತು ನಂಗೆ."

"ನನ್ನ ಲೆಕ್ಕ ತಪ್ಪಿದ್ದೂ ಅದಕ್ಕೇ ಅತ್ತೆ. ಗಾಳಿಯಿಂದ."

"ಮತ್ತೆ ಇನ್ಯಾವುದರಿಂದ ತಪ್ಪತ್ತೆ?"

ಇನ್ನು ಮಿಲುಂಕಳಿಗೆ ಬೇಕಾದದ್ದು ಒಂದೇ: ಮೂರೂ ಬೋರ್ಡುಗಳನ್ನು ಗಾಳಿಯಾಡದ ಕೋಣೆಯಲ್ಲಿ ಅಳೆಯುವುದು, ಗಾಳಿಯಾಡಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ದೀಪದ ತಂತಿಗೆ ಒಂದು ರೇಷ್ಮೆ ಎಳೆ ಇಳಿಬಿಟ್ಟಳು. ಅದು ಅಲುಗದಿದ್ದರೆ ಗಾಳಿಯಿಲ್ಲ.

"ದಾರ ಯಾಕೆ?" ಎಂದಳು ಪೆರ್ಸಿದ. "ನನ್ನ ಕತ್ತಿದೆಯಲ್ಲ."

"ಅತ್ತೆ, ಕತ್ತನ್ನ ನೋಟ್‌ಬುಕ್ಕಿಗೆ ಬರೆಯಕ್ಕಾಗಲ್ಲ."

"ಪರೀಕ್ಷೆ ಮಾಡು. ಹಾಲನ್ನ ಮಾಡ್ತೀಯಲ್ಲ, ಹಾಗೆ."

ಮಾಡಿದಳು. ಮುದುಕಿಯನ್ನು ಮೇಜಿನ ಪಕ್ಕ ಬಾಗಿಲಿಗೆ ಬೆನ್ನಾಗಿ ಕೂರಿಸಿ, ಕುತ್ತಿಗೆಯ ಉಣ್ಣೆ ಬಿಚ್ಚಿಸಿ, ಕಣ್ಣಿಗೆ ಟವಲು ಕಟ್ಟಿದಳು. ತಾನು ಕಾಲುಚೀಲದಲ್ಲಿ ಸದ್ದಿಲ್ಲದೆ ನಡೆದು ಒಮ್ಮೆ ಈ ಕಿಟಕಿ, ಒಮ್ಮೆ ಆ ಕಿಟಕಿ, ಒಮ್ಮೆ ಯಾವುದೂ ಇಲ್ಲ ಎಂದು ಬೆರಳಗಲ ತೆರೆದಳು. ಯಾವಾಗ ಏನು ಎಂಬುದನ್ನು ಚೀಟಿ ಎತ್ತಿ ಮೊದಲೇ ಬರೆದಿಟ್ಟಿದ್ದಳು. ಹತ್ತು ಸಲ.

"ಬಾಲ್ಕನಿ," ಎಂದಳು ಪೆರ್ಸಿದ. "ಯಾವುದೂ ಇಲ್ಲ. ಬಾಲ್ಕನಿ. ಅಡುಗೆಮನೆ. ಇದೂ ಅಡುಗೆಮನೆ, ಸ್ವಲ್ಪ ಜಾಸ್ತಿ ತೆಗೆದಿದೀಯ, ಮುಚ್ಚು."

ಒಂಬತ್ತು ಸರಿ. ಹತ್ತನೆಯದರಲ್ಲಿ ಮುದುಕಿ "ಸ್ನಾನದ ಮನೆ" ಎಂದಳು. ಮಿಲುಂಕಳ ಚೀಟಿಯಲ್ಲಿ "ಯಾವುದೂ ಇಲ್ಲ" ಎಂದಿತ್ತು.

"ಇದೊಂದು ತಪ್ಪು ಅತ್ತೆ."

"ಹೋಗಿ ನೋಡು."

ಹೋಗಿ ನೋಡಿದರೆ ಸ್ನಾನದ ಮನೆಯ ಗೋಡೆಯಲ್ಲಿದ್ದ ಅಂಗೈಯಗಲದ ಗಾಳಿಕಿಂಡಿಯ ಮುಚ್ಚಳ ಕೋಶಾವದ ಹೊಡೆತಕ್ಕೆ ತೆರೆದುಕೊಂಡಿತ್ತು. ಊಟದ ಕೋಣೆಯಲ್ಲಿ ರೇಷ್ಮೆ ಎಳೆ ನೆಟ್ಟಗೆ ತೂಗುತ್ತಿತ್ತು, ಕೂದಲಷ್ಟೂ ಅಲುಗಿರಲಿಲ್ಲ. ಮಿಲುಂಕ ಕಿಂಡಿ ಮುಚ್ಚಿ ಬಂದು ಎಳೆಯನ್ನು ಬಿಚ್ಚಿ ಡಬ್ಬಿಗೆ ಹಾಕಿದಳು. ನೋಟ್‌ಬುಕ್ಕಿನಲ್ಲಿ ಅಳತೆಪಟ್ಟಿಯಿಟ್ಟು ಹೊಸ ಅಂಕಣದ ಗೆರೆ ಎಳೆದು ಮೇಲೆ "ಪ್ರೊಮಾಯ" ಎಂದು ಬರೆದಳು.

ಬುಧವಾರ ಡೇರಿಗೆ ರಜೆ ಹಾಕಿದಳು. ಬೆಳಿಗ್ಗೆ ಏಳರಿಂದ ಸಂಜೆಯವರೆಗೆ, ಗುರುವಾರ ಕೆಲಸ ಮುಗಿಸಿ ಬಂದ ಮೇಲೂ, ಮೂರು ಬೋರ್ಡುಗಳಿಗೂ ಮೂರು ಮೂರು ಸಲ. ಪೆರ್ಸಿದ ಕುತ್ತಿಗೆಯ ಉಣ್ಣೆ ಬಿಚ್ಚಿಟ್ಟು ಕಾಲುಚೀಲ ಹೆಣೆಯುತ್ತ ಪಕ್ಕದಲ್ಲೇ ಕೂತಳು. ಊಟಕ್ಕೆ ಹುರುಳಿಕಾಯಿಯ ಗಟ್ಟಿ ಸಾರನ್ನೂ ಅಲ್ಲೇ ತರಿಸಿಕೊಂಡಳು. ಒಂದೊಂದು ಗಂಟೆ ಮುಗಿದಾಗಲೂ ಮಿಲುಂಕ ಕೇಳುವಳು, "ಅತ್ತೆ?" ಮುದುಕಿ ಹೆಣಿಗೆಯಿಂದ ತಲೆಯೆತ್ತದೆ ಹೇಳುವಳು, "ಇಲ್ಲ." ಒಮ್ಮೆ ಮಾತ್ರ, "ಎದುರುಮನೆಯವರು ಬಾಗಿಲು ತೆಗೆದ್ರು, ಈ ಗಂಟೆ ಲೆಕ್ಕಕ್ಕಿಲ್ಲ," ಎಂದಳು. ಮಿಲುಂಕ ಆ ಸಾಲಿಗೆ ಗೆರೆ ಹೊಡೆದು ಮತ್ತೆ ಮೊದಲಿನಿಂದ ಶುರುಮಾಡಿದಳು.

ಶಾರುಲ್ಯ ನೂರಾ ಮೂರು, ಜನ ತುಂಬಿದ ಸಭಾಂಗಣದ ಬಿಸಿಗೆ ನೂರೈದು ಮುಟ್ಟುವಷ್ಟು. ರುಮೆಂಕ ತೊಂಬತ್ತೊಂದು. ಗಾಲ್ಯ ಎಂಬತ್ತನಾಲ್ಕು. ಹಲ್ಲು ಹಲ್ಲಾಗಿ ಸೀಳಿದ ಗಟ್ಟಿಗೆ ಗಾಳಿಯ ಹಂಗು ಕಡಿಮೆ, ಅಂದದ ಪ್ಲಾಸ್ಟಿಕ್ ಹೊದಿಕೆ ಶಾಖವನ್ನು ಒಳಗೇ ಕಟ್ಟಿಹಾಕುತ್ತದೆ. ಕಣ್ಣಿಗೆ ಕಾಣುವಂತೆ ಇದ್ದ ವಿಷಯವನ್ನು ಒಂದು ಅಂಕಿ ಆರು ತಿಂಗಳು ಮುಚ್ಚಿಟ್ಟಿತ್ತು.

ಗುರುವಾರ ಸಂಜೆ ಚದುರಂಗದ ಸಂಘದ ಹಿಂಬದಿಯ ಕೋಣೆಗೆ ಹೋದಾಗ ತಿಹೋಮಿರ್ ಆಗಲೇ ಮತಕ್ಕೆ ಚೀಟಿ ಕತ್ತರಿಸಿಟ್ಟಿದ್ದ. ಮಿಲುಂಕ ನೋಟ್‌ಬುಕ್ಕನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು.

"ಸೆಪ್ಟೆಂಬರಿನ ಅಂಕಿ ತಪ್ಪು. ತಪ್ಪು ಬೋರ್ಡಿಂದಲ್ಲ, ನಂದು. ಶಾರುಲ್ಯಳನ್ನ ಪರೀಕ್ಷೆ ಮಾಡ್ದಾಗ ಮನೇಲಿ ಎರಡೂ ಕಿಟಕಿ ತೆಗೆದಿದ್ದೆ. ಉಳಿದ ಎರಡಕ್ಕೂ ಮುಚ್ಚಿತ್ತು. ನಾನು ಗಾಳೀನ ಅಳೆದು ನಿಮಗೆ ಬೋರ್ಡು ಅಂತ ಹೇಳ್ದೆ."

ತಿಹೋಮಿರ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ಎರಡೂ ಕಿಟಕಿ?" ಎಂದ ತಿಹೋಮಿರ್.

"ಎದುರುಬದುರು."

"ಎಷ್ಟು ಹೊತ್ತು?"

"ಆರು ದಿನ."

"ಆರು ದಿನ ಪ್ರೊಮಾಯದಲ್ಲಿ ಕೂತಿದ್ಯಾ?" ತಿಹೋಮಿರ್ ಎದ್ದೇ ನಿಂತ. "ನಿನಗೇನು ತಲೆ ನೆಟ್ಟಗಿದ್ಯೇನೇ? ಮೂತ್ರಪಿಂಡ ಹೋಗ್ತಿತ್ತಲ್ಲೇ!"

"ಆಮೇಲೆ ಸೊಂಟ ಹಿಡ್ಕೊಂಡಿತ್ತು ಅಲ್ವಾ?" ಎಂದ ಡಾಕ್ಟರ್ ವುಯಾದಿನ್ ಗಂಭೀರವಾಗಿ. "ನವೆಂಬರಲ್ಲಿ ಎರಡು ಗುರುವಾರ ಬರ್ಲಿಲ್ಲ ನೀವು."

"ನೀವು ಹಲ್ಲಿನ ಡಾಕ್ಟ್ರು. ನೀವೂ ಇದನ್ನ ನಂಬ್ತೀರಾ?"

"ಹಗಲು ಹೊತ್ತು ನಂಬಲ್ಲ. ನಮ್ಮಮ್ಮ ಮನೇಲಿದ್ರೆ ನಂಬ್ತೀನಿ."

ಹಿಂದಿನ ಸಾಲಿನಿಂದ ಯಾರೋ ಸೊಂಟಕ್ಕೆ ರಾಕಿಯ ಸಾರಾಯಿ ತಿಕ್ಕಿಸಿಕೊಂಡೆಯಾ ಎಂದು ಕೇಳಿದರು. ಇನ್ನೊಬ್ಬರು ರಾಕಿಯ ಅಲ್ಲ, ಕೋಸಿನ ಎಲೆ ಬಿಸಿಮಾಡಿ ಕಟ್ಟಬೇಕು ಎಂದರು. ಬೋರ್ಡಿನ ವಿಷಯ ಕಾಲು ಗಂಟೆ ಯಾರಿಗೂ ನೆನಪಾಗಲಿಲ್ಲ. ಏಳು ಯಂತ್ರ ಬೀಳಿಸಿದ್ದಕ್ಕೆ ಬೈಗುಳ ಬರುತ್ತದೆಂದು ಹಲ್ಲು ಕಚ್ಚಿ ಬಂದಿದ್ದ ಮಿಲುಂಕ, ಕಿಟಕಿ ತೆರೆದದ್ದಕ್ಕೆ ಏಳೂ ಜನರಿಂದ ಬೈಸಿಕೊಂಡು ನಿಂತಿದ್ದಳು.

ಕೊನೆಗೆ ತಿಹೋಮಿರನೇ ನೋಟ್‌ಬುಕ್ ತೆರೆದ. ಹೊಸ ಪುಟದ ಮೇಲೆ ಬೆರಳಾಡಿಸುತ್ತ ಹೋದವನು ಕೊನೆಯ ಅಂಕಣದಲ್ಲಿ ನಿಂತ. "ಪ್ರೊಮಾಯ: ಇಲ್ಲ" ಎಂದು ಒಂಬತ್ತು ಸಾಲು. ಪ್ರತಿ ಸಾಲಿಗೂ ಸೊಟ್ಟಪಟ್ಟ ಹಳೆಯ ಅಕ್ಷರದಲ್ಲಿ ಒಂದು ರುಜು.

"ಇದ್ಯಾರ ರುಜು?"

"ನಮ್ಮತ್ತೇದು. ಕಣ್ಣು ಕಟ್ಟಿ ಗಾಳಿ ಎಲ್ಲಿಂದ ಅಂತ ಕೇಳ್ದಾಗ ಹತ್ತಕ್ಕೆ ಹತ್ತು ಸರಿ ಹೇಳಿದಾರೆ, ನನ್ನ ಚೀಟಿಯಲ್ಲಿ ಸರಿ ಇದ್ದಿದ್ದು ಒಂಬತ್ತೇ. ಗೆರೆ ಹೊಡೆದಿರೋ ಸಾಲಿದೆ ನೋಡು, ಅಲ್ಲಿ ಬೇಡ ಅಂದವರೂ ಅವರೇ."

ತಿಹೋಮಿರ್ ಗೆರೆ ಹೊಡೆದ ಆ ಸಾಲನ್ನು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ ಕತ್ತರಿಸಿಟ್ಟಿದ್ದ ಮತದ ಚೀಟಿಗಳನ್ನೆಲ್ಲ ಒಟ್ಟುಮಾಡಿ ಸಕ್ಕರೆಯ ಖಾಲಿ ಡಬ್ಬಿಗೆ ತುರುಕಿದ.

"ಗಾಲ್ಯ ಅಂತೀಯ?"

"ಗಾಲ್ಯ. ನೋಡಕ್ಕೆ ಚೆನ್ನಾಗಿಲ್ಲ, ದೀಪ ಇಲ್ಲ."

"ನನ್ನ ಹೆಂಡ್ತಿ ನನ್ನನ್ನೂ ಹಾಗೇ ಆರಿಸಿದ್ದು," ಎಂದು ಅವನು ನೋಟ್‌ಬುಕ್ಕನ್ನು ಮುಚ್ಚಿ ಅವಳ ಕಡೆಗೆ ತಳ್ಳಿದ. "ತಗೊಂಡು ಹೋಗು ಇದನ್ನ. ಇಲ್ಲಿಟ್ರೆ ಬರೆಯೋರು ಯಾರು? ನನ್ನಕ್ಷರ ನನಗೇ ಅರ್ಥ ಆಗಲ್ಲ. ಮತ್ತೆ ಕೇಳು, ಗಾಲ್ಯಗೆ ಎರಡು ಮೆಮೊರಿ ಸ್ಟಿಕ್ ಹಾಕಿದ್ರೆ ಒಳ್ಳೇದಾ, ನಾಲ್ಕಾ?"

ಮಿಲುಂಕ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಲಿಲ್ಲ. ಕುರ್ಚಿ ಎಳೆದು ಕೂತು, ಹೊಸ ಪುಟ ತೆರೆದು, ಜೇಬಿನಿಂದ ಪೆನ್ನು ತೆಗೆದಳು.

"ಗೊತ್ತಿಲ್ಲ," ಎಂದಳು ಸಂತೋಷದಿಂದ. "ಮುಂದಿನ ಗುರುವಾರ ಹೇಳ್ತೀನಿ."